ನಿಮಗಿದು ಗೊತ್ತೆ? ಸೊರಗಿದ ಬಿರುಗಾಳಿಯೂ ಊರು ಮುಳುಗಿಸಬಲ್ಲದು!

ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಡೊಮಿನಿಕಾ. 2015ರ ಆಗಸ್ಟ್ 27ರಂದು ಅಲ್ಲಿ ಮಳೆ ಸುರಿಸಿದ ‘ಎರಿಕಾ’ ಬಲಗುಂದಿದ, ಚದುರಿದ ಬಿರುಗಾಳಿ. ಆದರೂ ಸುಮಾರು 30 ಜೀವಗಳು ಹೋದವು.

• ಅಟ್ಲಾಂಟಿಕ್‌ನಲ್ಲಿ ಗಾಳಿಯ ವೇಗ ಗಂಟೆಗೆ 63 ಕಿ.ಮೀ. ಮುಟ್ಟಿದರೆ ಬಿರುಗಾಳಿಗೆ ಹೆಸರಿಡುತ್ತಾರೆ, 119 ಕಿ.ಮೀ. ಆದರೆ ಅದು ‘ಹರಿಕೇನ್’. ಎರಿಕಾದ ಗರಿಷ್ಠ ವೇಗ ಸುಮಾರು 85 ಕಿ.ಮೀ. ಮಾತ್ರ.

• ಮೇಲಿನ ಮತ್ತು ಕೆಳಗಿನ ಗಾಳಿಗಳು ಬೇರೆಬೇರೆ ದಿಕ್ಕು, ವೇಗದಲ್ಲಿ ಬೀಸಿದರೆ ಬಿರುಗಾಳಿ ಓರೆಯಾಗುತ್ತದೆ. ಮಳೆಮೋಡ ಒಂದೆಡೆ, ಸುಳಿಯ ಕೇಂದ್ರ ಇನ್ನೊಂದೆಡೆ ಉಳಿಯುತ್ತವೆ. ಎರಿಕಾದ ಕೇಂದ್ರ ಡೊಮಿನಿಕಾದ ಉತ್ತರಕ್ಕೆ ಸಾಗಿದರೂ ಮಳೆ ದ್ವೀಪದ ಮೇಲೆಯೇ ಸುರಿಯಿತು.

• ಹೀಗೆ ಚದುರಿದ ಬಿರುಗಾಳಿಯ ಕೇಂದ್ರವನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸುವುದು ಕಷ್ಟ. ಅದಕ್ಕೇ ಅಮೆರಿಕದ ವಿಮಾನಗಳು ಬಿರುಗಾಳಿಯೊಳಗೇ ಹಾರಿ, ಪುಟ್ಟ ಪ್ಯಾರಾಚೂಟ್ ಕಟ್ಟಿದ ಉಪಕರಣಗಳನ್ನು ಕೆಳಗೆ ಬಿಡುತ್ತವೆ. ಅವು ಬೀಳುತ್ತಲೇ ಒತ್ತಡ, ಉಷ್ಣತೆ, ತೇವಾಂಶ, ಗಾಳಿಯ ವಿವರ ಕಳುಹಿಸುತ್ತವೆ.

• ಡೊಮಿನಿಕಾದಲ್ಲಿ 1,400 ಮೀಟರ್‌ಗೂ ಹೆಚ್ಚು ಎತ್ತರದವರೆಗೆ ಏರುವ ಪರ್ವತಗಳಿವೆ. ಕಡಲ ತೇವದ ಗಾಳಿ ಅವಕ್ಕೆ ತಾಗಿ ಮೇಲೇರಿ, ತಣಿದು, ಧಾರಾಕಾರ ಮಳೆಯಾಯಿತು. ಕೇನ್‌ಫೀಲ್ಡ್ ವಿಮಾನ ನಿಲ್ದಾಣದಲ್ಲಿ 300 ಮಿ.ಮೀ.ಗೂ ಹೆಚ್ಚು ಮಳೆ ದಾಖಲಾಯಿತು.

• ಗುಡ್ಡ ಕುಸಿದು ನಲುಗಿದ ಪೆಟಿಟ್ ಸವಾನ್ ಗ್ರಾಮದ ಜನರನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು.

• ಈ ಹಾನಿಯಿಂದಾಗಿ ‘ಎರಿಕಾ’ ಹೆಸರನ್ನು ವಿಶ್ವ ಹವಾಮಾನ ಸಂಸ್ಥೆ ಬಿರುಗಾಳಿ ಹೆಸರುಗಳ ಪಟ್ಟಿಯಿಂದಲೇ ಕೈಬಿಟ್ಟಿತು. ಅದರ ಜಾಗಕ್ಕೆ ಬಂದ ಹೆಸರು ‘ಎಲ್ಸಾ’.

ನೆನಪಿಡಿ: ಬಿರುಗಾಳಿ ದುರ್ಬಲಗೊಂಡಿದೆ ಎಂದರೆ ಗಾಳಿಯ ವೇಗ ತಗ್ಗಿದೆ ಎಂದಷ್ಟೇ ಅರ್ಥ, ಮಳೆಯ ಮುನ್ನೆಚ್ಚರಿಕೆಯನ್ನು ಕಡೆಗಣಿಸಬೇಡಿ.