ಮನೆಯ ಮಾತೂ ನಾಡಿನ ನಿಷ್ಠೆಯೂ

ಮನೆಯಲ್ಲಿ ಮರಾಠಿಯನ್ನೂ ಪೇಟೆಯಲ್ಲಿ ಕನ್ನಡ, ಉರ್ದುಗಳನ್ನೂ ಆಡತಕ್ಕ ಸಂಸಾರಗಳು ಔರಾದ, ಭಾಲ್ಕಿ ಸೀಮೆಯಲ್ಲಿ ಬಹಳ. ಇಂಥವರನ್ನು “ನೀವು ಯಾವ ನಾಡಿನವರು?” ಎಂದು ಕೇಳುವುದು ಉಚಿತವೇ ಎಂಬುದನ್ನು ಸುಜ್ಞ ವಾಚಕರು ವಿಚಾರಿಸತಕ್ಕದ್ದು.

೧೯೫೬ರ ನವೆಂಬರ್ ೧ರಂದು ಹೈದರಾಬಾದು ರಾಜ್ಯವು ಒಡೆದಾಗ ಹಳೆಯ ಬೀದರ ಜಿಲ್ಲೆಯೂ ಹಂಚಿಹೋಯಿತು. ಉದಗೀರ, ನಿಲಂಗಾಗಳು ಮುಂಬಯಿಗೂ, ನಾರಾಯಣಖೇಡವು ಆಂಧ್ರಕ್ಕೂ, ಔರಾದ, ಭಾಲ್ಕಿಗಳು ಮೈಸೂರಿಗೂ ಸಂದವು. ಗಡಿಯ ಗೆರೆ ಬಿದ್ದರೂ ಬೀಗತನವು ಕಡಿಯಲಿಲ್ಲ.

೨೦೨೨ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ವಿಧಾನಮಂಡಲವು ಬೀದರ, ಭಾಲ್ಕಿ ಸಹಿತ ೮೬೫ ಊರುಗಳು ತನಗೆ ಸೇರತಕ್ಕವೆಂದು ನಿರ್ಣಯಿಸಿತು. ಆಡುವ ಮಾತನ್ನು ಹಿಡಿದು ಜನರ ಮೇಲೆ ಹಕ್ಕು ಸಾಧಿಸುವುದು ಅವರ ದೋಷವಾದರೆ, ಅದೇ ಮಾತಿಗಾಗಿ ನೆರೆಯವನನ್ನು ಶಂಕಿಸುವುದು ನಮ್ಮ ದೋಷವು. ಚೀನೀ ಭಾಷೆಯನ್ನಾಡುತ್ತಲೇ ತಾವು ತೈವಾನಿಗರೆಂದು ಹೇಳಿಕೊಳ್ಳುವ ಲಕ್ಷಾಂತರ ಜನರಿಗೂ ಇಂಥ ಪ್ರಶ್ನೆಯು ನೋವನ್ನೇ ತರುತ್ತದೆ.

ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಜನಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಸ್ವಂತ ನುಡಿಯನ್ನು ಬಚ್ಚಿಡುವ ಕಷ್ಟವನ್ನುಂಡ ನಾಡು ಅನ್ಯರನ್ನು ಅದಕ್ಕೆ ಗುರಿಮಾಡಲಾಗದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವಿರಬೇಕೆಂಬ ೩೫೦-ಎ ವಿಧಿಯು ಸಂವಿಧಾನಕ್ಕೆ ಸೇರಿದ್ದೂ ೧೯೫೬ರಲ್ಲಿಯೇ. ಆದುದರಿಂದ ಅಧಿಕಾರಿಗಳು ಗಡಿಯ ಮರಾಠಿ ಶಾಲೆಗಳಿಗೆ ತಕ್ಕ ಶಿಕ್ಷಕರನ್ನೂ, ಆ ಮಕ್ಕಳಿಗೆ ಒಳ್ಳೆಯ ಕನ್ನಡ ಪಾಠವನ್ನೂ ಒಟ್ಟಿಗೆ ಒದಗಿಸಬೇಕೆಂದು ನಮ್ಮ ವಿಜ್ಞಾಪನೆ. ಅಷ್ಟಾದ ಮೇಲೆ ಯಾರ ನಿಷ್ಠೆಯನ್ನೂ ಪರೀಕ್ಷಿಸುವ ಪ್ರಸಂಗ ಬಾರದು.