ಊರಿನ ಪಹಣಿ ಹುಡುಕುವ ಮುನ್ನ: ಯಾವ ಕಾಗದ ಯಾವ ಇಲಾಖೆಯದ್ದು?

ಮುಂಬಯಿಯಲ್ಲಿ ನೆಲೆಸಿರುವ ನಮ್ಮವರಲ್ಲಿ ಊರಿನ ಜಾಗದ ಚಿಂತೆ ಇಲ್ಲದವರು ವಿರಳ. ತಂದೆ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಉಳಿದಿರುತ್ತದೆ. ಇಲ್ಲವೇ ಊರಲ್ಲಿರುವ ದಾಯಾದಿಗಳ ಹೆಸರು ಮಾತ್ರ ಸೇರಿರುತ್ತದೆ. ಹಿಂದೆ ಇದನ್ನು ತಿಳಿಯಲು ರಜೆ ಹಾಕಿ ಊರಿಗೆ ಹೋಗಿ ಗ್ರಾಮಕರಣಿಕರನ್ನು ಕಾಣಬೇಕಿತ್ತು. ಈಗ ಕರ್ನಾಟಕ ಕಂದಾಯ ಇಲಾಖೆಯ 'ಭೂಮಿ' ವೆಬ್‌ಸೈಟ್‌ನಲ್ಲಿ ಮನೆಯಲ್ಲೇ ಕುಳಿತು ನೋಡಬಹುದು. ಆದರೂ "ಹುಡುಕಿದೆ, ಸಿಗಲಿಲ್ಲ" ಎನ್ನುವವರು ಬಹಳ ಮಂದಿ.

ತಪ್ಪು ಕಂಪ್ಯೂಟರಿನದ್ದಲ್ಲ. 'ಭೂಮಿ' ಕೇಳುವುದು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರು. ಕಂದಾಯ ಇಲಾಖೆ ನಡೆಯುವುದೇ ಈ ಕ್ರಮದಲ್ಲಿ. ನಮ್ಮ ಕಪಾಟಿನಲ್ಲಿರುವ ಹಳೆಯ ಕಾಗದದಲ್ಲಾದರೋ 'ದಕ್ಷಿಣ ಕನ್ನಡ ಜಿಲ್ಲೆ, ಉಡುಪಿ ತಾಲೂಕು' ಎಂದಿರುತ್ತದೆ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 2018ರಲ್ಲಿ ಉಡುಪಿ ತಾಲೂಕಿನಿಂದ ಕಾಪು, ಬ್ರಹ್ಮಾವರ ಹಾಗೂ ಕುಂದಾಪುರದಿಂದ ಬೈಂದೂರು ಬೇರೆ ತಾಲೂಕುಗಳಾದವು. ಕಾಪು ಕಡೆಯ ಗ್ರಾಮವನ್ನು ದಕ್ಷಿಣ ಕನ್ನಡದ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗದು.

ಪಹಣಿ ಸಿಕ್ಕಿದೊಡನೆ ನಿಶ್ಚಿಂತರಾಗುವಂತೆಯೂ ಇಲ್ಲ. ಜಾಗ ಮಾರಾಟವಾಗಿದೆಯೇ, ಅಡವಿನ ಪತ್ರ ನೋಂದಣಿಯಾಗಿದೆಯೇ ಎಂಬ ಲೆಕ್ಕ ಇರುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. ಅದಕ್ಕೆ ಋಣಭಾರ ಪತ್ರ ಬೇಕು. ಅದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ 'ಕಾವೇರಿ'ಯಲ್ಲಿ ಸಿಗುತ್ತದೆ. ಇನ್ನು ಗ್ರಾಮ ಪಂಚಾಯತ್‌ಗೆ ತೆರಿಗೆ ಕಟ್ಟುವ ಮನೆಯಿದ್ದರೆ ಅದರ ನಮೂನೆ 9 ಮತ್ತು 11 ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ 'ಇ-ಸ್ವತ್ತು'ವಿನಲ್ಲಿ. ಒಂದೇ ಹಿತ್ತಿಲು, ಒಂದೇ ಮನೆ, ಆದರೆ ಕಾಗದ ಮೂರು ಕಡೆ!

ಹಾಗೆಂದು ಎಲ್ಲವನ್ನೂ ಕರ್ನಾಟಕದಲ್ಲೇ ಹುಡುಕಬಾರದು. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ. ಮುಂಬಯಿಯ ಆಸ್ಪತ್ರೆಯಲ್ಲಿ ಹುಟ್ಟಿದವರ ದಾಖಲೆ ಮುಂಬಯಿ ಮಹಾನಗರಪಾಲಿಕೆಯಲ್ಲಿ, ಥಾಣೆಯಲ್ಲಿ ಹುಟ್ಟಿದವರದ್ದು ಥಾಣೆ ಪಾಲಿಕೆಯಲ್ಲಿ. ಪಾಸ್‌ಪೋರ್ಟ್ ಕೇಂದ್ರದ ವಿದೇಶಾಂಗ ಸಚಿವಾಲಯದ್ದು. ಇದರ ಹೆಸರಿನಲ್ಲಿ ನಕಲಿ ವೆಬ್‌ಸೈಟ್‌ಗಳು ಹಣ ಕೀಳುವುದುಂಟು. ಹಣ ಕಟ್ಟುವ ಮೊದಲು ವಿಳಾಸ 'ಜಿಒವಿ ಡಾಟ್ ಇನ್' ಎಂದು ಮುಗಿಯುತ್ತದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಆನ್‌ಲೈನಿನಲ್ಲಿ ಸಿಗದ ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ತಪ್ಪು ಕಚೇರಿಗೆ ಹೋದರೆ 5 ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕೆಂದು ಕಾಯ್ದೆಯ 6(3)ನೇ ಕಲಂ ಹೇಳುತ್ತದೆ. ಆದರೆ ಇದನ್ನೇ ನಂಬಿಕೊಂಡು ಊರಿನ ತಹಶೀಲ್ದಾರರ ಕಚೇರಿಯ ಅರ್ಜಿಯನ್ನು ಕೇಂದ್ರ ಸರಕಾರದ ಆರ್‌ಟಿಐ ವೆಬ್‌ಸೈಟ್‌ನಲ್ಲಿ ಹಾಕಬೇಡಿ. ರಾಜ್ಯದ ಕಚೇರಿಗಳ ಅರ್ಜಿಯನ್ನು ಅಲ್ಲಿಂದ ಹಿಂತಿರುಗಿಸುತ್ತಾರೆ, ಕಟ್ಟಿದ 10 ರೂಪಾಯಿ ಮರಳಿ ಬಾರದು. ಕರ್ನಾಟಕ ಸರಕಾರಕ್ಕೆ ಅದರದ್ದೇ ಆರ್‌ಟಿಐ ವೆಬ್‌ಸೈಟ್ ಇದೆ. ಅಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ ಕೇಳಬೇಕು. ಸರ್ವೆ ನಂಬರು ಬರೆಯಲು ಮಾತ್ರ ಮರೆಯದಿರಿ.