ಬಣ್ಣ ಹಿಡಿಸುವವರ ಊರು

ವಿಶಾಖಪಟ್ಟಣಕ್ಕೆ ಹೋದವರು ಋಷಿಕೊಂಡದ ಕಡಲತೀರ ನೋಡದೆ ಬರುವುದಿಲ್ಲ. ಅಲೆಯಲ್ಲಿ ಕಾಲು ನೆನೆಸಿ, ಸುಟ್ಟ ಜೋಳ ತಿಂದು, ಅಲ್ಲಿಂದಲೇ ಊರಿಗೆ ಹಿಂತಿರುಗುತ್ತಾರೆ. ಅದೇ ಬೀಚ್ ರಸ್ತೆಯಲ್ಲಿ ಇನ್ನಷ್ಟು ಉತ್ತರಕ್ಕೆ ಹೋದರೆ ಭೀಮುನಿಪಟ್ಟಣ ಸಿಗುತ್ತದೆ. ಅಲ್ಲಿ ಡಚ್ಚರ ಹಳೆಯ ಗೋರಿಗಳಿವೆ. ಹಾಲೆಂಡಿನಿಂದ ಹಡಗು ಹತ್ತಿ ಬಂದ ಜನ ಈ ತೀರದಲ್ಲಿ ಸತ್ತು ಮಣ್ಣಾಗುವಷ್ಟು ಕಾಲ ನೆಲೆಸಿದ್ದು ಮುಖ್ಯವಾಗಿ ಬಟ್ಟೆಗಾಗಿ. ಇಂಡೋನೇಷ್ಯಾದ ದ್ವೀಪಗಳಲ್ಲಿ ಲವಂಗ, ಜಾಯಿಕಾಯಿ ಕೊಳ್ಳಬೇಕಾದರೆ ಅಲ್ಲಿಯವರ ಮುಂದೆ ಕೋರಮಂಡಲ ತೀರದ ಬಣ್ಣದ ಬಟ್ಟೆ ಹರವಬೇಕಿತ್ತು. ಸುಲವೇಸಿಯ ತೊರಾಜ ಜನರ ಮನೆಗಳಲ್ಲಿ ಆ ಬಟ್ಟೆಗಳು ತಲೆಮಾರುಗಳ ಕಾಲ ಪವಿತ್ರ ವಸ್ತುಗಳಾಗಿ ಉಳಿದುಬಂದವು.

ಆ ವ್ಯಾಪಾರದ ದೊಡ್ಡ ಬಂದರು ಇದೇ ಕರಾವಳಿಯಲ್ಲಿ ದಕ್ಷಿಣಕ್ಕಿರುವ ಮಚಲೀಪಟ್ಟಣ. ಗೋಲ್ಕೊಂಡದ ಕುತುಬ್‌ಶಾಹಿಗಳ ಆಳ್ವಿಕೆಯಲ್ಲಿ ಪರ್ಷಿಯಾದ ವರ್ತಕರು ಅಲ್ಲಿಗೆ ಬರುತ್ತಿದ್ದರು. 17ನೇ ಶತಮಾನದ ಮೊದಲ ದಶಕದಲ್ಲಿ ಡಚ್ಚರು ಬಂದರು, 1611ರಲ್ಲಿ ಇಂಗ್ಲಿಷರು. ಇಂದು ಬಂದರಿನ ಆ ವೈಭವ ಇಲ್ಲ. ಬಟ್ಟೆಯ ಕೆಲಸ ಮಾತ್ರ ಉಳಿದಿದೆ, ಅದೂ ಹೆಚ್ಚಾಗಿ ಪಕ್ಕದ ಪೆಡನದಲ್ಲಿ. ವಿಜಯವಾಡದಿಂದ ಗುಡಿವಾಡದ ಮೇಲೆ ಮಚಲೀಪಟ್ಟಣಕ್ಕೆ ಹೋಗುವ ರೈಲು ಈ ಊರಿನಲ್ಲಿ ನಿಲ್ಲುತ್ತದೆ. ಮಚಲೀಪಟ್ಟಣದ ಕಲಂಕಾರಿ ಎಂದು ನಾವು ಅಂಗಡಿಗಳಲ್ಲಿ ಕೇಳುವ ಬಟ್ಟೆಯ ತವರು ಇದು.

ಹೆಸರಿನಲ್ಲಿ ಕಲಮು, ಅಂದರೆ ಲೇಖನಿ, ಇದ್ದರೂ ಪೆಡನದ ಕೆಲಸ ಮರದ ಅಚ್ಚಿನದು. ಬಿದಿರಿನ ಲೇಖನಿಯಿಂದ ರಾಮಾಯಣವನ್ನೋ ದೇವರ ಪರದೆಯನ್ನೋ ಕೈಯಲ್ಲೇ ಬರೆಯುವುದು ಶ್ರೀಕಾಳಹಸ್ತಿಯ ಸಂಪ್ರದಾಯ. ಪೆಡನದ ಬಟ್ಟೆಯ ಮೇಲೆ ಪರ್ಷಿಯನ್ ಕಣ್ಣಿಗೆ ಹಿತವಾದ ಬಳ್ಳಿ, ಹೂ, ಮಾವಿನಕಾಯಿ, ಹಕ್ಕಿ, ಕೊಂಬೆ ಚಾಚಿದ ಮರಗಳು ಹೆಚ್ಚು. ತೇಗದ ಹಲಗೆಯಲ್ಲಿ ಅಚ್ಚು ಕೆತ್ತುವವರೂ ಅದೇ ಊರಿನವರು. ಒಂದು ಹೂವಿಗೆ ಒಂದೇ ಅಚ್ಚು ಸಾಲುವುದಿಲ್ಲ. ಗೆರೆಗೆ ಒಂದು, ಕೆಂಪು ತುಂಬಲು ಒಂದು, ಹಳದಿ ತುಂಬಲು ಇನ್ನೊಂದು. ಮೂರೂ ಒಂದರ ಮೇಲೊಂದು ಕೂದಲೆಳೆಯೂ ತಪ್ಪದೆ ಕೂರಬೇಕು.

ಅಚ್ಚೊತ್ತುವ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಕಣ್ಣು ಕೀಳಲಾಗುವುದಿಲ್ಲ. ಮೇಜಿನ ಮೇಲೆ ಗೋಣಿತಟ್ಟು, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಮೆತ್ತಗೆ ಮಾಡಿರುತ್ತಾರೆ. ಪಕ್ಕದ ತಟ್ಟೆಯಲ್ಲಿ ದ್ರಾವಣ ಕುಡಿದ ಕಂಬಳಿ ತುಂಡು. ಅಚ್ಚನ್ನು ಅದರ ಮೇಲೆ ಎರಡು ಸಲ ಒತ್ತಿ, ಬಟ್ಟೆಯ ಮೇಲಿಟ್ಟು, ಅಂಗೈಯ ಬುಡದಿಂದ ಒಂದು ಗುದ್ದು. ಮುಂದಿನ ಅಚ್ಚು ಅದರ ಅಂಚಿಗೇ ಬಂದು ಕೂರುತ್ತದೆ. ಅಳತೆಗೋಲು ಇಲ್ಲ, ಗುರುತಿನ ಗೆರೆಯೂ ಇಲ್ಲ. ಎರಡು ಅಚ್ಚುಗಳ ನಡುವೆ ಸಂದು ಎಲ್ಲಿದೆಯೆಂದು ಹುಡುಕಿದರೆ ನಮಗೆ ಸಿಗುವುದು ಕಷ್ಟ.

ಇಷ್ಟಾದರೂ ಅಚ್ಚೊತ್ತುವುದು ಈ ಕಸುಬಿನ ಸುಲಭದ ಭಾಗ. ಇದರ ಜೀವ ರಸಾಯನದಲ್ಲಿದೆ. ಹತ್ತಿಯ ನೂಲು ಬಹುಪಾಲು ಗಿಡಗಳ ಬಣ್ಣವನ್ನು ತಾನಾಗಿ ಹಿಡಿದುಕೊಳ್ಳುವುದಿಲ್ಲ, ಎರಡು ಒಗೆತಕ್ಕೆ ಬಿಟ್ಟುಬಿಡುತ್ತದೆ. ಅದಕ್ಕೆ ಮೊದಲು ಬಟ್ಟೆಯನ್ನೇ ಹದಗೊಳಿಸಬೇಕು. ಕೋರಾ ಬಟ್ಟೆಯನ್ನು ಸಗಣಿ ನೀರಿನಲ್ಲಿ ನೆನೆಹಾಕಿ, ಒಗೆದು, ಬಿಸಿಲಿಗೆ ಹರಡಿ, ಮೇಲೆ ನೀರು ಚಿಮುಕಿಸುತ್ತ ಬಿಳುಪೇರಿಸುತ್ತಾರೆ. ಬಳಿಕ ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಅಳಲೆಯ ಒಗರು ನೂಲಿನೊಳಗೆ ಸೇರಿ ಬಟ್ಟೆ ಮಾಸಲು ಹಳದಿಯಾಗುತ್ತದೆ. ಕಾಳಹಸ್ತಿಯವರು ಆ ನೀರಿಗೆ ಎಮ್ಮೆಯ ಹಾಲನ್ನೂ ಬೆರೆಸುತ್ತಾರೆ. ಹಾಲಿನ ಜಿಡ್ಡು ಲೇಖನಿಯ ಗೆರೆ ಹರಡದಂತೆ ತಡೆಯುತ್ತದೆ.

ಕಪ್ಪಿಗೆ ಬೇಕಾದದ್ದು ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು. ಎಲ್ಲವನ್ನೂ ಗಡಿಗೆಯಲ್ಲಿ ಹಾಕಿ ವಾರಗಟ್ಟಲೆ ಹುಳಿಬರಿಸಿದರೆ ಕಂದು ನೀರೊಂದು ತಯಾರಾಗುತ್ತದೆ. ಅದು ಅಳಲೆ ಹೀರಿದ ಬಟ್ಟೆಗೆ ತಗುಲಿದ ಕ್ಷಣವೇ ಕಪ್ಪಾಗುತ್ತದೆ. ನಮ್ಮ ಹಿರಿಯರು ಕಾಗದದ ಮೇಲೆ ಬರೆಯಲು ಮಾಡಿಕೊಳ್ಳುತ್ತಿದ್ದ ಮಸಿಯ ಹಿಂದೆಯೂ ಇಂಥದೇ ಒಗರು ಮತ್ತು ಕಬ್ಬಿಣದ ಜೋಡಿ ಇತ್ತು.

ಕೆಂಪಿನ ಸಂಗತಿ ಇನ್ನೂ ಬೆರಗಿನದು. ಕೆಂಪು ಬರಬೇಕಾದ ಜಾಗಕ್ಕೆ ಒತ್ತುವುದು ಪಟಿಕದ ನೀರನ್ನು. ಪಟಿಕಕ್ಕೆ ಬಣ್ಣವೇ ಇಲ್ಲ. ಒತ್ತಿದ್ದೆಲ್ಲಿ ಎಂದು ಕಾಣಲಿಕ್ಕಾಗಿ ಮಾತ್ರ ಏನಾದರೂ ತೆಳುಬಣ್ಣ ಸೇರಿಸಿಕೊಳ್ಳುತ್ತಾರೆ. ಒಣಗಿದ ಬಟ್ಟೆಯನ್ನು ಕಾಲುವೆಯ ಹರಿಯುವ ನೀರಿನಲ್ಲಿ ತೊಳೆದು, ಬೇರು ತೊಗಟೆ ಎಲೆಗಳನ್ನು ಹಾಕಿದ ತಾಮ್ರದ ಹಂಡೆಯಲ್ಲಿ ಕೋಲಿನಿಂದ ತಿರುವುತ್ತ ಕುದಿಸುತ್ತಾರೆ. ಇಡೀ ಬಟ್ಟೆ ಒಂದೇ ನೀರಿನಲ್ಲಿ ಮುಳುಗಿದ್ದರೂ ಪಟಿಕ ಕೂತ ಜಾಗದಲ್ಲಿ ಮಾತ್ರ ಕೆಂಪು ಗಟ್ಟಿಯಾಗಿ ನಿಲ್ಲುತ್ತದೆ. ಉಳಿದ ಕಡೆ ಹತ್ತಿದ ನಸುಗೆಂಪು ಸಗಣಿ ನೀರು ಮತ್ತು ಬಿಸಿಲಿಗೆ ಕಳಚಿಹೋಗುತ್ತದೆ. ನನ್ನ ಮಟ್ಟಿಗೆ ಕಲಂಕಾರಿಯ ದೊಡ್ಡತನ ಇರುವುದು ಇಲ್ಲಿಯೇ. ಬಣ್ಣ ಎಲ್ಲಿ ನಿಲ್ಲಬೇಕೆಂಬುದನ್ನು ಬಣ್ಣ ಬರುವ ಮೊದಲೇ ತೀರ್ಮಾನಿಸಿ, ಕಾಣದ ಚಿತ್ರವೊಂದನ್ನು ಬಟ್ಟೆಯಲ್ಲಿ ಇಟ್ಟಿರುತ್ತಾರೆ. ಹಳದಿ, ಹಸಿರು, ನೀಲಿಗಳು ಆಮೇಲಿನ ಸುತ್ತಿನವು. ಹಿಂದೆ ನೀಲಿಗಾಗಿ ಉಳಿದ ಭಾಗಕ್ಕೆಲ್ಲ ಮೇಣ ಬಳಿದು ನೀಲಿಯ ತೊಟ್ಟಿಯಲ್ಲಿ ಅದ್ದುತ್ತಿದ್ದರು. ನೀಲಿಯ ಮೇಲೆ ಹಳದಿ ಹಾಯಿಸಿದರೆ ಹಸಿರು.

ಇಲ್ಲಿ ನೀರಿನ ಪಾತ್ರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೆಚ್ಚಾದ ಪಟಿಕವನ್ನು ನಿಂತ ನೀರಿನಲ್ಲಿ ತೊಳೆದರೆ ಅದು ಪಕ್ಕದ ಬಿಳಿ ಜಾಗಕ್ಕೆ ಹರಡಿ ಕುಳಿತು, ಹಂಡೆಯಲ್ಲಿ ಅಲ್ಲೆಲ್ಲ ಕಲೆಯಾಗುತ್ತದೆ. ಹರಿಯುವ ನೀರು ಅದನ್ನು ಹೊತ್ತೊಯ್ಯುತ್ತದೆ. ಕೃಷ್ಣಾ ನದಿಯ ಮುಖಜಭೂಮಿಯ ಕಾಲುವೆಗಳೇ ಈ ಕಸುಬಿನ ಆಸ್ತಿ. ಕಾಲುವೆಯಲ್ಲಿ ನೀರು ನಿಂತರೆ, ಕೊಳೆ ಸೇರಿದರೆ, ಪೆಡನದ ಕೆಲಸವೂ ನಿಲ್ಲುತ್ತದೆ.

ಹಿಂದೆ ಕೆಂಪು ಕೊಡುತ್ತಿದ್ದುದು ತೆಲುಗಿನಲ್ಲಿ ಚಿರುವೇರು ಎನ್ನುವ ಪುಟ್ಟ ಗಿಡದ ಬೇರು. ಕಡಲ ಬದಿಯ ಮರಳುನೆಲದಲ್ಲಿ ಬೆಳೆಯುವ ಗಿಡ ಅದು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಹೋಗುವಾಗ ಸಿಗುವ ಸಾಮರ್ಲಕೋಟದಲ್ಲಿ 1781ರಿಂದ ಹನ್ನೆರಡು ವರ್ಷ ವಿಲಿಯಂ ರಾಕ್ಸ್‌ಬರ್ಗ್ ಎಂಬ ವೈದ್ಯ ಕೆಲಸಕ್ಕಿದ್ದ. 1795ರಲ್ಲಿ ಹೊರಬರತೊಡಗಿದ ಕೋರಮಂಡಲ ತೀರದ ಸಸ್ಯಗಳ ಕುರಿತ ಅವನ ದೊಡ್ಡ ಗ್ರಂಥದ ಮೊದಲ ಚಿತ್ರಗಳಲ್ಲೇ ಚಿರುವೇರಿಗೆ ಜಾಗ ಸಿಕ್ಕಿತು. ಅವನು ಇನ್ನೊಂದು ಗಿಡದ ಹಿಂದೆಯೂ ಬಿದ್ದಿದ್ದ. ನಮ್ಮ ಚನ್ನಪಟ್ಟಣದ ಗೊಂಬೆಗಳನ್ನು ಮಾಡುವ ಆಲೆ ಮರದ ಎಲೆಗಳಿಂದ ನೀಲಿ ತೆಗೆಯಬಹುದೆಂದು ಪ್ರಯೋಗ ಮಾಡಿ ಬರೆದಿಟ್ಟ. ವಿಶಾಖಪಟ್ಟಣದ ಕಡೆಯ ಏಟಿಕೊಪ್ಪಾಕದ ಗೊಂಬೆಗಳಿಗೂ ಅದೇ ಮರ. ಆ ಗೊಂಬೆಗಳ ಅರಗಿಗೆ ಸಸ್ಯಬಣ್ಣ ಬೆರೆಸುವುದನ್ನು ಮತ್ತೆ ರೂಢಿಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ರಾಕ್ಸ್‌ಬರ್ಗ್‌ಗಿಂತ ಮೊದಲೇ, 1742ರಲ್ಲಿ, ಕೂರ್ದು ಎಂಬ ಫ್ರೆಂಚ್ ಪಾದ್ರಿ ದಕ್ಷಿಣ ಭಾರತದ ಬಣ್ಣಗಾರರಿಂದ ಕೇಳಿ ತಿಳಿದ ಕ್ರಮವನ್ನು ಹಂತಹಂತವಾಗಿ ಪತ್ರದಲ್ಲಿ ಬರೆದು ಯೂರೋಪಿಗೆ ಕಳಿಸಿದ್ದ. ಅಳಲೆ, ಎಮ್ಮೆಯ ಹಾಲು, ಪಟಿಕ ಎಲ್ಲವೂ ಅದರಲ್ಲಿವೆ. ಅಲ್ಲಿ ಇದರ ತುರ್ತು ಅಷ್ಟಿತ್ತು. ಒಗೆದರೂ ಮಾಸದ ಈ ಚೀಟಿ ಬಟ್ಟೆಗೆ ಜನ ಮುಗಿಬಿದ್ದದ್ದರಿಂದ ತನ್ನ ನೇಕಾರರನ್ನು ಉಳಿಸಲು ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು. ಇಂಗ್ಲೆಂಡ್ 1700ರಲ್ಲಿ ಆಮದಿಗೆ ತಡೆ ಹಾಕಿ, 1721ರಲ್ಲಿ ಉಡುವುದಕ್ಕೂ ನಿರ್ಬಂಧ ತಂದಿತು. ಲಂಡನ್ನಿನಲ್ಲಿ ನೇಕಾರರು ಹೆಂಗಸರ ಮೈಮೇಲಿನ ಅಚ್ಚಿನ ಬಟ್ಟೆಯನ್ನೇ ಹರಿದರು. ಫ್ರಾನ್ಸಿನಲ್ಲಿ ನಿಷೇಧ ತೆರವಾದ ಮರುವರ್ಷ, 1760ರಲ್ಲಿ, ಪ್ಯಾರಿಸ್ ಬಳಿಯ ಜುಯಿಯಲ್ಲಿ ಒಬೆರ್‌ಕಾಂಫ್ ಅಚ್ಚಿನ ಕಾರ್ಖಾನೆ ತೆರೆದ. ಇಂಥ ಪತ್ರಗಳಲ್ಲಿ ದಾಖಲಾದ ನಮ್ಮ ಬಣ್ಣಗಾರರ ವಿದ್ಯೆ ಅಲ್ಲಿ ಯಂತ್ರದ ಉದ್ಯಮವಾಯಿತು. ಆ ಬಣ್ಣಗಾರರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ ಎಂಬುದು ಓದುವಾಗಲೆಲ್ಲ ನೋಯಿಸುತ್ತದೆ.

1868ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಅಲಿಜರಿನ್ ಎಂಬ ಕೆಂಪನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಚಿರುವೇರಿನಲ್ಲೂ ಇರುವುದು ಅದೇ ವಸ್ತು. ಬೇರು ಅಗೆಯುವವರ ಕೆಲಸ ಹೋಯಿತು. ಇಂದು ಪೆಡನದ ಹಂಡೆಗೂ ಬಹುಮಟ್ಟಿಗೆ ಅಲಿಜರಿನ್ ಪುಡಿಯೇ ಬೀಳುತ್ತದೆ. ಇದನ್ನು ಮೋಸವೆಂದು ನಾನು ಎಣಿಸುವುದಿಲ್ಲ. ಅಳಲೆ, ಪಟಿಕ, ಹರಿಯುವ ನೀರು, ಬಿಸಿಲು ಇವೆಲ್ಲ ಇದ್ದಲ್ಲಿ ವಿದ್ಯೆ ಬದುಕಿದೆ. ಕಲಂಕಾರಿಯ ಚಿತ್ತಾರವನ್ನು ಸ್ಕ್ರೀನ್ ಪ್ರಿಂಟ್‌ನಲ್ಲಿ ಪಾಲಿಯೆಸ್ಟರ್ ಮೇಲೆ ಮೂಡಿಸಿ ಅದೇ ಹೆಸರಿನಲ್ಲಿ ಮಾರುವುದು ಮಾತ್ರ ಅನ್ಯಾಯ. ಸ್ಕ್ರೀನ್ ಪ್ರಿಂಟೂ ಒಂದು ದುಡಿಮೆಯೇ, ಅದಕ್ಕೆ ಅದರ ಹೆಸರನ್ನೇ ಇಟ್ಟು ಮಾರಲಿ. ಮಚಲೀಪಟ್ಟಣದ ಕಲಂಕಾರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಬೆಂಗಳೂರಿನ ಮೇಳಗಳಲ್ಲಿ ಎರಡೂ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಕೊಳ್ಳುವಾಗ ಬಟ್ಟೆಯ ಹಿಂಬದಿ ನೋಡಿ. ಕಪ್ಪು ಕೆಂಪುಗಳು ಹಿಂದಕ್ಕೂ ಇಳಿದಿರಬೇಕು. ಮುಟ್ಟಿದರೆ ಬಣ್ಣದ ಪದರ ಕೈಗೆ ಸಿಗಬಾರದು. ಒಂದು ಹೂವಿಗೂ ಇನ್ನೊಂದಕ್ಕೂ ಚೂರು ವ್ಯತ್ಯಾಸ ಇದ್ದರೆ ಸಂತೋಷಪಡಿ.

ಸ್ವಾತಂತ್ರ್ಯದ ಹೊತ್ತಿಗೆ ಸೊರಗಿದ್ದ ಈ ಕಸುಬುಗಳಿಗೆ ಮರುಜೀವ ಬಂದದ್ದರಲ್ಲಿ ಕನ್ನಡನಾಡಿನ ಮಗಳೊಬ್ಬಳ ಪಾಲು ದೊಡ್ಡದು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ಆ ದಶಕದಲ್ಲೇ ಶ್ರೀಕಾಳಹಸ್ತಿಯಲ್ಲಿ ತರಬೇತಿ ಕೇಂದ್ರ ತೆರೆಯಿತು, ಹಳೆಯ ಕೈಗಳಿಂದ ಹೊಸ ಹುಡುಗರು ಕಲಿತರು. ಇತ್ತ ಸಾಗರ ತಾಲ್ಲೂಕಿನಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ದ ಹೆಣ್ಣುಮಕ್ಕಳು ಅಡಿಕೆ ಬೇಯಿಸಿದ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದಾರೆ. ಅಳಲೆಯಲ್ಲಿರುವಂಥ ಒಗರು ಚೊಗರಿನಲ್ಲೂ ಇರುವುದರಿಂದ ಮಲೆನಾಡಿಗೂ ಕೃಷ್ಣಾ ತೀರಕ್ಕೂ ಈ ವಿದ್ಯೆಯಲ್ಲಿ ನಂಟಿದೆ.

ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ಗ್ರಂಥಿಗೆ ಅಂಗಡಿಯಲ್ಲಿ ಎಲ್ಲ ಸಾಮಾನೂ ಸಿಗುತ್ತದೆ. ಹಳೆಯ ಹತ್ತಿಯ ಪಂಚೆಯ ತುಂಡನ್ನು ಗಂಜಿ ಹೋಗುವಂತೆ ಒಗೆಯಿರಿ. ಅಳಲೆಪುಡಿಯ ನೀರಿನಲ್ಲಿ ನೆನೆಸಿ, ಜಾಲಿಸದೆ ಹಾಗೆಯೇ ಒಣಗಿಸಿ. ತುಕ್ಕಿನ ಮೊಳೆ, ಬೆಲ್ಲ, ನೀರು ಹಾಕಿದ ಪಾತ್ರೆಯನ್ನು ಬಟ್ಟೆ ಕಟ್ಟಿ ಎರಡು ಮೂರು ವಾರ ಬಿಡಿ. ಬಿಗಿಯಾಗಿ ಮುಚ್ಚಬೇಡಿ, ಗಾಳಿ ತುಂಬಿ ಸಿಡಿಯಬಹುದು. ಆ ನೀರನ್ನು ಹುಣಸೆಬೀಜದ ಗಂಜಿಯಲ್ಲಿ ಮಂದ ಮಾಡಿಕೊಂಡು ಕತ್ತರಿಸಿದ ಬೆಂಡೆಕಾಯಿಯಲ್ಲಿ ಒತ್ತಿದರೂ ಸಾಕು, ಕಪ್ಪು ಮೂಡುತ್ತದೆ. ಪಕ್ಕದಲ್ಲಿ ಪಟಿಕದ ನೀರಿನಿಂದಲೂ ಹಾಗೆಯೇ ಒತ್ತಿ ರಾತ್ರಿಯಿಡೀ ಒಣಗಲು ಬಿಟ್ಟು, ಧಾರಾಳ ನೀರಿನಲ್ಲಿ ತೊಳೆದು, ಸ್ಟೀಲ್ ಪಾತ್ರೆಯಲ್ಲಿ ಮಂಜಿಷ್ಠದ ಪುಡಿಯೊಂದಿಗೆ ಸಣ್ಣ ಉರಿಯಲ್ಲಿ ಕಾಯಿಸಿ. ಕಬ್ಬಿಣದ ಪಾತ್ರೆಯಾದರೆ ಕೆಂಪು ಕಂದುತ್ತದೆ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ, ಬರಿದಾಗಿದ್ದ ಜಾಗದಲ್ಲಿ ಕೆಂಪು ಏರುವುದನ್ನು ಅವರು ನೋಡಬೇಕು.

ಪೆಡನಕ್ಕೇ ಹೋಗುವ ಮನಸ್ಸಿದ್ದರೆ ವಿಜಯವಾಡದಲ್ಲಿ ತಂಗಿ ಬೆಳಿಗ್ಗೆ ಹೊರಡುವುದು ಅನುಕೂಲ. ಒಗೆಯುವುದು, ಹರಡುವುದು ಎಲ್ಲವೂ ಬಿಸಿಲನ್ನು ನಂಬಿದ ಕೆಲಸ. ಮಳೆಗಾಲದಲ್ಲಿ, ಚಂಡಮಾರುತದ ತಿಂಗಳುಗಳಲ್ಲಿ ಬಟ್ಟೆ ಒಣಗದೆ ಹಂಡೆಗಳು ಖಾಲಿ ಇರಬಹುದು. ಸಂಕ್ರಾಂತಿ ಕಳೆದ ಮೇಲೆ ಹೋದರೆ ಎಲ್ಲ ಹಂತಗಳೂ ನೋಡಸಿಗುತ್ತವೆ.